ತಂಗಿಯ ಓಟಿನ ಅರ್ಜಿಯನ್ನು ನಾನು ಹರಿದದ್ದು

ನಾಗಸಂದ್ರಕ್ಕೆ ಇನ್ನೂ ಮೆಟ್ರೋ ಬಂದಿರಲಿಲ್ಲ. ಬಾಗಲಕೋಟೆ ಕಡೆಯಿಂದ ಬಂದ ನಾನು ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಮಷೀನು ಓಡಿಸುತ್ತಿದ್ದೆ. ತಂಗಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ನಾನು ಐದನೇ ಕ್ಲಾಸು, ಅವಳು ಎಸ್ಸೆಸ್ಸೆಲ್ಸಿ ಪಾಸು. ಹದಿನೆಂಟು ತುಂಬಿದ್ದೇ ತಡ, ಓಟರ್ ಲಿಸ್ಟಿಗೆ ಹೆಸರು ಸೇರಿಸುವ ಅರ್ಜಿ ತಂದು, ಫೋಟೋ ಅಂಟಿಸಿ, ಮುತ್ತಿನಂಥ ಅಕ್ಷರದಲ್ಲಿ ತುಂಬಿದಳು.

ಭಾನುವಾರ ಮಧ್ಯಾಹ್ನದವರೆಗೆ ಸರ್ಕಾರಿ ಶಾಲೆಯಲ್ಲಿ ಟೀಚರಮ್ಮ ಅರ್ಜಿ ತಗೊಳ್ಳುತ್ತಿದ್ದರು. ತಂಗಿಗೆ ಅವತ್ತು ಗಾರ್ಮೆಂಟ್ಸಿನಲ್ಲಿ ಓವರ್‌ಟೈಮ್. "ಯಣ್ಣಾ, ಮರೀಬ್ಯಾಡ. ನೀನಽ ಅವರ ಕೈಯಾಗ ಕೊಟ್ಟ ಬಾ" ಅಂದಳು.

ನನಗೂ ಅರ್ಜೆಂಟ್ ಕೆಲಸ ಬಂತು. ಲೇತಿನಲ್ಲಿ ಕಡೆಯುವ ಟೂಲು ಜಾಬಿಗೆ, ಅಂದರೆ ತಿರುಗುವ ಕಬ್ಬಿಣದ ತುಂಡಿಗೆ, ತಾಗಿತೋ ಇಲ್ಲವೋ ನೋಡಲು ನಡುವೆ ತೆಳ್ಳನೆ ಕಾಗದದ ಚೂರು ಹಿಡಿಯುತ್ತೇವೆ. ಕಾಗದ ಕಚ್ಚಿತೆಂದರೆ ಟೂಲು ತಾಗಿತೆಂದು ಲೆಕ್ಕ. ಅವತ್ತು ಕಾಗದ ಸಿಗಲಿಲ್ಲ. ಜೇಬಿನಲ್ಲಿದ್ದ ಅರ್ಜಿಯ ಖಾಲಿ ಅಂಚನ್ನು ಹರಿದೆ. ಅಂಚೇ ತಾನೇ ಅಂದುಕೊಂಡೆ. ಮೂರನೇ ಸಲಕ್ಕೆ ಅವಳ ಹೆಸರಿನವರೆಗೂ ಹರಿದುಹೋಗಿ, ಫೋಟೋ ಮೇಲೆ ನನ್ನ ಎಣ್ಣೆಗೈ ಗುರುತು ಬಿದ್ದಿತ್ತು. ಹೊಸ ಅರ್ಜಿ ಬರೆಯಲು ನನಗೆ ಬಾರದು, ಅವಳನ್ನೇ ಕೇಳಬೇಕು. ಸ್ಕ್ರಾಪ್ ಡಬ್ಬಿಗೆ ಎಸೆದು, ಮನೆಗೆ ಹೋಗಿ "ಕೊಟ್ಟೆ" ಅಂದೆ.

ವಾರ್ಡ್ ಎಲೆಕ್ಷನ್ ಬಂತು. ವಠಾರದಲ್ಲೆಲ್ಲ ಅವಳದ್ದೇ ಗದ್ದಲ. ಕೈಮುಗಿದು ಬಂದವರನ್ನು ಬಾಗಿಲಲ್ಲೇ ತಡೆದು, "ನೀರ ವಾರಕ್ಕ ಎಷ್ಟ ದಿನ ಬಿಡ್ತೀರಿ? ಮೊದ್ಲ ಅದನ್ನ ಹೇಳ್ರಿ" ಅನ್ನುವಳು. ಅವರು ನಗುತ್ತ, "ನಿಮ್ಮ ಓಟು ನಮಗೇ ತಾನೇ ಅಕ್ಕಾ?" ಅಂದರೆ ನಾನು ಒಳಗೆ ಹೋಗಿಬಿಡುತ್ತಿದ್ದೆ.

ಓಟಿನ ದಿನ ಹೊಸ ಚೂಡಿದಾರ್ ಹಾಕಿಕೊಂಡು ಏಳಕ್ಕೇ ನನ್ನನ್ನು ಎಳೆದುಕೊಂಡು ಹೋದಳು. ಶಾಲೆಯ ಗೇಟಿನ ಹತ್ತಿರ ಅದೇ ಟೀಚರಮ್ಮ ಲಿಸ್ಟ್ ಹಿಡಿದು ಕೂತಿದ್ದರು. ನನ್ನ ಹೆಸರಿತ್ತು. ಅವಳದ್ದಿರಲಿಲ್ಲ.

"ನಮ್ಮಣ್ಣ ಕೈಯಾರೆ ಕೊಟ್ಟಾನ್ರೀ! ಎಲ್ಲಿ ಕಳದ್ರಿ?" ತಂಗಿಯ ದನಿಗೆ ಇಡೀ ಸಾಲು ತಿರುಗಿ ನೋಡಿತು.

ಟೀಚರಮ್ಮ ನನ್ನತ್ತ ನೋಡಿದರು. "ನೀವು ಕೊಟ್ಟಿದ್ರಾ?"

"ಹೂಂ, ಮೇಡಂ."

ಪಾಪ, ಆಕೆ ಬೆವರುತ್ತ ಪುಟ ಪುಟ ತಿರುವಿದರು. ನಾನು ತಲೆತಗ್ಗಿಸಿ ಒಳಗೆ ಹೋಗಿ ಗುಂಡಿ ಒತ್ತಿ ಬಂದೆ.

ತಂಗಿ ಅತ್ತಿರುತ್ತಾಳೆ ಅಂದುಕೊಂಡಿದ್ದೆ. ಅವಳು ಓಡಿಬಂದು ಶಾಯಿ ಹಚ್ಚಿದ ನನ್ನ ಬೆರಳು ಹಿಡಿದು, "ಒತ್ತಿದಿ? ಸಪ್ಪಳಾ ಹೆಂಗ ಬಂತು? ಹೇಳೋ!" ಅಂತ ಕುಣಿದಳು. ಅವಳಿಗಾಗದ್ದು ನನಗಾಯಿತಲ್ಲ ಅಂತ ಅಷ್ಟು ಖುಷಿ. ಅಲ್ಲಿಗೆ ಎಲ್ಲ ಹೇಳಿಬಿಟ್ಟೆ.

ಬೆರಳು ಬಿಟ್ಟಳು. ಆಮೇಲೆ ನನ್ನ ತೋಳು ಹಿಡಿದು ದರದರ ಎಳೆದಳು. "ನಂದ ಇರಲಿ. ಆ ಮೇಡಮ್ಮರನ್ನ ಬೈದೆನಲ್ಲೋ ನಾನು! ಮೊದ್ಲ ಅವರಿಗೆ ಹೇಳ ನಡಿ."

ಅದೇ ಸಾಲಿನ ಮುಂದೆ, ಎಲ್ಲರಿಗೂ ಕೇಳುವಂತೆ ಹೇಳಿಸಿದಳು. ಟೀಚರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ಅಲ್ಲಪ್ಪಾ, ನಿಂಗೆ ಒಂದು ನ್ಯೂಸ್‌ಪೇಪರ್ ಸಿಗ್ಲಿಲ್ವಾ?"

ಮುಂದೆ ಎಮ್ಮೆಲ್ಲೆ ಎಲೆಕ್ಷನ್ ಬರುವವರೆಗೆ ಅವಳು ಮೂರು ವರ್ಷ ಕಾದಳು. ಅರ್ಜಿಯನ್ನು ತಾನೇ ಕೊಟ್ಟು, ರಸೀತಿ ತಂದು ದೇವರ ಫೋಟೋ ಹಿಂದೆ ಇಟ್ಟಳು. ಜೊತೆಗೆ, ಲೇತಿಗೆ ಇದನ್ನೇ ಹರಿಯಲಿ ಅಂತ ಟೀಚರಮ್ಮ ನನಗೆ ಕಳಿಸಿದ್ದ ಹಳೇ ಪೇಪರಿನ ಕಟ್ಟನ್ನೂ ತಂದಿದ್ದಳು. ಓಟಿನ ದಿನ ಅವಳು ಒಳಗೆ ಹೋದಾಗ ನಾನು ಕಿಟಕಿಯ ಹೊರಗೆ ಕಿವಿಗೊಟ್ಟು ನಿಂತಿದ್ದೆ. ಬೀಪ್ ಅಂತ ಉದ್ದಕ್ಕೆ ಕೇಳಿಸಿತು. ಪೊಲೀಸಿನವರು ಗದರಿದರೂ ಬಿಡದೆ ಚಪ್ಪಾಳೆ ಹೊಡೆದೆ.