ಕಪಿಲೆ ತೊಗಲಿನ ಟಿಪ್

ನಮ್ಮ ದೊಡ್ಡಪ್ಪ ಮುನಿಯಣ್ಣನದು ಉಡದ ಪಟ್ಟು. ಹಿಡಿದದ್ದನ್ನು ಬಿಡಿಸಲು ಕುರುಬರಹಳ್ಳಿಯಲ್ಲಿ ಯಾರಿಂದಲೂ ಆಗುತ್ತಿರಲಿಲ್ಲ, ದೊಡ್ಡಮ್ಮ ಪಾಪಮ್ಮನಿಂದಲೂ. ಹೊಲ ರಾಜಾಜಿನಗರದ ಲೇಔಟಿಗೆ ಹೋದ ಮೇಲೆ ಪೇಟೆಯ ಕ್ಲಬ್ಬೊಂದರಲ್ಲಿ ಮಾರ್ಕರ್ ಆಗಿ ಸೇರಿದ. ಮೆಂಬರುಗಳು ಸ್ನೂಕರ್, ಬಿಲಿಯರ್ಡ್ಸ್ ಆಡುವಾಗ ಪಕ್ಕದಲ್ಲಿ ನಿಂತು ಪಾಯಿಂಟ್ ಕೂಗಬೇಕು, ಚೆಂಡು ಹೊಡೆಯುವ ಕ್ಯೂ ಕೋಲುಗಳ ತುದಿ ನೋಡಿಕೊಳ್ಳಬೇಕು. ನೇಗಿಲು ಹಿಡಿದವನಿಗೆ ಇದೆಂಥ ಕೋಲಾಟ ಎಂದು ಊರವರು ನಗುತ್ತಿದ್ದರು. ನಗಲಿ ಬಿಡಿ, ಆ ಮನೆಯ ಒಲೆ ಉರಿಯುತ್ತಿದ್ದದ್ದು ಅದೇ ಕೋಲಿನಿಂದ.

ಕ್ಯೂ ತುದಿಯಲ್ಲಿ ಹುಣಸೆಬೀಜದಷ್ಟಗಲದ ತೊಗಲಿನ ಬಿಲ್ಲೆ ಇರುತ್ತದೆ. ಅದೇ ಟಿಪ್. ಚೆಂಡಿಗೆ ತಾಗುವುದು ಅದೊಂದೇ. ಅದು ಸವೆದರೆ ಎಂಥ ಶೂರನ ಏಟೂ ಜಾರುತ್ತದೆ. ಐವತ್ತೇಳರಲ್ಲಿ ಸರ್ಕಾರ ಆಮದು ಬಿಗಿಮಾಡಿದ್ದರಿಂದ ಇಂಗ್ಲೆಂಡಿನಿಂದ ಟಿಪ್ ಬರುವುದು ನಿಂತುಹೋಯಿತು. ಕ್ಲಬ್ಬಿನ ಟಿಪ್ ಡಬ್ಬಿ ಖಾಲಿಯಾಯಿತು.

ದೊಡ್ಡಪ್ಪ ಕೈಕಟ್ಟಿ ಕೂರಲಿಲ್ಲ. ಬಾವಿಯಿಂದ ಎತ್ತುಗಳು ನೀರೆಳೆಯುತ್ತಿದ್ದ ಕಾಲದ ಕಪಿಲೆ ಚೀಲ ಕೊಟ್ಟಿಗೆಯಲ್ಲಿ ನೇತಾಡುತ್ತಿತ್ತು. ದಪ್ಪ ಎಮ್ಮೆ ತೊಗಲು. ಅದರಿಂದ ಬಿಲ್ಲೆ ಕತ್ತರಿಸಿ, ಬಡಗಿಗಳ ಮರವಜ್ರದಿಂದ ಕ್ಯೂಗೆ ಅಂಟಿಸಿದ. ಮೊದಲ ದಿನವೇ ಮಾನ ಹೋಯಿತು. ಜಾರದಿರಲೆಂದು ಟಿಪ್ಪಿಗೆ ತಿಕ್ಕುವ ಸೀಮೆಸುಣ್ಣ ನಿಲ್ಲಲಿಲ್ಲ, ಏಟು ಜಾರಿತು, ಸಂಜೆಗೆ ಬಿಲ್ಲೆಯೇ ಕಳಚಿ ಬಿತ್ತು.

ಕ್ಲಬ್ಬಿನ ಸೆಕ್ರೆಟರಿ ವೆಂಕಟಗಿರಿ ಕರೆದು ಹೇಳಿದರು: “ಮುಂದಿನ ಭಾನುವಾರ ಮೈಸೂರು ಕ್ಲಬ್ಬಿನವರು ಆಡೋಕೆ ಬರ್ತಾರೆ. ಅಷ್ಟರಲ್ಲಿ ಕ್ಯೂಗಳು ಸರಿಹೋಗ್ಲಿಲ್ಲ ಅಂದ್ರೆ ಮದ್ರಾಸಿಂದ ಬೇರೆ ಮಾರ್ಕರ್ನ ಕರೆಸ್ತೀನಿ. ನಿನ್ನ ದಾರಿ ನೀನು ನೋಡ್ಕೋ.”

ದೊಡ್ಡಪ್ಪ ಮನೆಗೆ ಬಂದು, ಸುಣ್ಣ ನಿಲ್ಲಲ್ಲ ಎಂದು ಗೊಣಗಿ, ಆ ಬಿಲ್ಲೆಯನ್ನು ಗುರಾಯಿಸುತ್ತ ಕೂತ. ದೊಡ್ಡಮ್ಮ ಕೈಗೆತ್ತಿಕೊಂಡು ಮೂಸಿದಳು.

“ವರ್ಷಾ ವರ್ಷಾ ಈ ಚೀಲಕ್ಕೆ ಹೊಂಗೆಣ್ಣೆ ತಿಕ್ಕಿದ್ಯಾರು?”

“ನಾನೇ ಕಣೇ.”

“ಎಣ್ಣೆ ಮುಖಕ್ಕೆ ವಿಭೂತಿ ನಿಲ್ತದಾ? ತಲೆ ಎಣ್ಣೆ ಹೋಗೋದು ಯಾತರಲ್ಲಿ?”

ಇಷ್ಟು ತಿಳಿಯಲಿಲ್ಲವಲ್ಲ ಎಂದು ದೊಡ್ಡಪ್ಪನಿಗೆ ನಾಚಿಕೆಯಾಯಿತು, ಆದರೆ ಒಪ್ಪಿಕೊಳ್ಳುವ ಜಾತಿಯಲ್ಲ. ಅಂಗೈಯಗಲದ ತುಂಡು ಕುಯ್ದು ಉಗುರುಬೆಚ್ಚನೆ ನೀರು, ಸೀಗೆಪುಡಿ ಹಾಕಿ ತಿಕ್ಕಿದ. ಮೂರು ಸಲ ತೊಳೆದರೂ ನೀರಿನ ಮೇಲೆ ಎಣ್ಣೆ ತೇಲಿತು. ಆರನೆಯ ಸಲ ತೇಲಲಿಲ್ಲ. ನೆರಳಲ್ಲಿ ಒಣಗಿಸಿ, ಒತ್ತಿ ಗಟ್ಟಿಯಾಗಲೆಂದು ಬೀಸೋಕಲ್ಲಿನಡಿ ಇಟ್ಟ. ಆ ಎರಡು ದಿನ ರಾಗಿ ಬೀಸಲು ದೊಡ್ಡಮ್ಮ ಪಕ್ಕದ ಮನೆಗೆ ಹೋದಳು, ಬೈದುಕೊಂಡೇ.

ಶುಕ್ರವಾರ ಹೊಸ ಬಿಲ್ಲೆಗಳನ್ನು ಅಂಟಿಸಿದ. ಶನಿವಾರ ಅಂಚನ್ನು ಬ್ಲೇಡಿನಿಂದ ಹೆರೆದು, ಮೇಲ್ಭಾಗವನ್ನು ಉಪ್ಪುಕಾಗದದಿಂದ ತಿಕ್ಕಿ ಗುಂಡಗೆ ಮಾಡಿದ. ತುಸು ಹೆಚ್ಚು ತಿಕ್ಕಿದರೆ ಮೊನೆ, ಕಡಿಮೆಯಾದರೆ ಚಪ್ಪಟೆ. ಎರಡು ಕೆಟ್ಟವು, ಕಿತ್ತೆಸೆದ. ಎಂಟು ನಿಂತವು.

ಭಾನುವಾರ ಬೆಳಗ್ಗೆ ವೆಂಕಟಗಿರಿ ಕಿವಿಯಲ್ಲಿ ಹೇಳಿದರು: “ಯಾರಾದ್ರೂ ಕೇಳಿದ್ರೆ ಇಂಗ್ಲೆಂಡಿಂದು ಅನ್ನು. ದನದ ಕೊಟ್ಟಿಗೆದು ಅಂದ್ರೆ ಮುಟ್ಟಲ್ಲ ಇವರು. ಕೆಲಸ ಉಳಿಸ್ಕೋ.”

ಆಟ ಮೂರು ಗಂಟೆ ನಡೆಯಿತು. ಒಂದು ಏಟೂ ಜಾರಲಿಲ್ಲ. ಮೈಸೂರಿನ ಹಿರಿಯ ಆಟಗಾರರೊಬ್ಬರು ಕ್ಯೂ ತುದಿಯನ್ನು ಬೆಳಕಿಗೆ ಹಿಡಿದು, “ನಮಗೆಲ್ಲೂ ಸಿಗ್ತಿಲ್ಲ. ನೀವು ಎಲ್ಲಿಂದ ತರಿಸಿದ್ರಿ?” ಎಂದರು.

“ಇಂಗ್ಲೆಂಡಿಂದ,” ಎಂದರು ವೆಂಕಟಗಿರಿ.

“ಅಲ್ಲ ಸಾರ್,” ಎಂದ ದೊಡ್ಡಪ್ಪ, ಪಾಯಿಂಟ್ ಕೂಗುವ ದನಿಯಲ್ಲೇ. “ಕುರುಬರಹಳ್ಳಿದು. ನಮ್ಮ ಕಪಿಲೆ ಚೀಲದ್ದು. ನಾನೇ ಮಾಡಿದ್ದು.”

 ಆ ಹಿರಿಯರು ಮತ್ತೊಮ್ಮೆ ತುದಿ ನೋಡಿದರು, ಸೀಮೆಸುಣ್ಣ ತಿಕ್ಕಿಕೊಂಡರು, ಬಗ್ಗಿ ಮುಂದಿನ ಚೆಂಡು ಹೊಡೆದರು. ದೊಡ್ಡಪ್ಪ ಪಾಯಿಂಟ್ ಕೂಗಿದ.

ಸಂಜೆ ಎಲ್ಲರೂ ಹೋದ ಮೇಲೆ ವೆಂಕಟಗಿರಿ ಸಿಡುಕಿದರು: “ನಾಲ್ಕು ಜನರ ಮುಂದೆ ನನ್ನ ಸುಳ್ಳುಗಾರ ಮಾಡಿದ್ಯಲ್ಲೋ.”

“ಇಲ್ಲದ ಪಾಯಿಂಟ್ ಕೂಗೋಕೆ ಬರಲ್ಲ ಸಾರ್ ನಂಗೆ. ಮದ್ರಾಸಿನವರನ್ನ ಕರೆಸೋದಾದ್ರೆ ಕರೆಸಿ.”

ವೆಂಕಟಗಿರಿ ಹೋಗಿ ಬೀರು ತೆಗೆದರು. ಯಾರಿಗೂ ಮುಟ್ಟಲು ಬಿಡದ ತಮ್ಮ ಸ್ವಂತ ಕ್ಯೂ ತಂದು ಮೇಜಿನ ಮೇಲಿಟ್ಟರು. ತುದಿ ಪೂರಾ ಸವೆದಿತ್ತು.

“ನಾಳೆ ಬೆಳಗ್ಗೆ ಬೇಕು.”

“ಮರವಜ್ರ ಒಣಗ್ಬೇಕು ಸಾರ್,” ಎಂದ ದೊಡ್ಡಪ್ಪ. “ನಾಡಿದ್ದು ಕೊಡ್ತೀನಿ.”