ಆರು ವೋಲ್ಟು ಕಮ್ಮಿ

ನಿನ್ನೆ ಬೀರುವಿನ ತಳದಲ್ಲಿದ್ದ ಮರದ ಪೆಟ್ಟಿಗೆ ತೆಗೆದೆ. ಮುಚ್ಚಳ ಎತ್ತುತ್ತಲೇ ಬೆಸುಗೆಯ ರಾಳದ ವಾಸನೆ ಬಂತು. ಶಿರಾದಲ್ಲಿ ನಮ್ಮ ಮನೆಗೆ ಅಂಟಿಕೊಂಡಿದ್ದ ರಿಪೇರಿ ಅಂಗಡಿ, ಅದರೊಳಗೆ ದಪ್ಪ ಕನ್ನಡಕ ಹಾಕಿಕೊಂಡು ಕೂತಿರುತ್ತಿದ್ದ ಚಾಚಾ...

ನನಗೆ ಅವರು ಚಾಚಾ, ಊರಿಗೆಲ್ಲ ಮೀಟರ್ ಸಾಬ್ರು. ಕರೆಂಟಿನ ಕೆಲಸದವರು, ಮೋಟರ್ ವೈಂಡಿಂಗ್‌ನವರು ಹುಲಿಕುಂಟೆ, ದೊಡ್ಡೇರಿಯಿಂದಲೂ ವೋಲ್ಟು ಅಳೆಯುವ ತಮ್ಮ ಮೀಟರು ಹಿಡಿದು ಬರುತ್ತಿದ್ದರು. ಚಾಚಾ ಬಳಿ ಮುಳ್ಳಿನ ಮೀಟರೊಂದಿತ್ತು. ಬೇರೆ ಯಾವ ಕೆಲಸಕ್ಕೂ ಅದನ್ನು ಮುಟ್ಟದೆ ಹಸಿರು ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಬಂದ ಮೀಟರನ್ನು ಅದರ ಪಕ್ಕಕ್ಕಿಟ್ಟು, ಎರಡೂ ಒಂದೇ ಅಂಕಿ ತೋರಿಸುವವರೆಗೆ ಸಣ್ಣ ಸ್ಕ್ರೂ ತಿರುಗಿಸಿ, ಬೆನ್ನಿಗೆ ‘ಸರಿ ಇದೆ’ ಎಂಬ ಚೀಟಿ ಅಂಟಿಸುತ್ತಿದ್ದರು. ಆ ಚೀಟಿಗೆ ಯಾರೂ ಎದುರಾಡುತ್ತಿರಲಿಲ್ಲ. ಚಾಚಾ ಬದುಕಿದ್ದೇ ಆ ನಂಬಿಕೆಯ ಮೇಲೆ.

ಆಮೇಲೆ ನನಗೆ ಪಾವಗಡದ ಕಡೆ ಸೋಲಾರ್ ಘಟಕವೊಂದರಲ್ಲಿ ಮೀಟರುಗಳನ್ನು ಪರೀಕ್ಷಿಸುವ ಕೆಲಸ ಸಿಕ್ಕಿತು. ಹೊಸ ಕೆಲಸ, ತಲೆ ತುಂಬ ಹಮ್ಮು. ಒಂದು ಭಾನುವಾರ ಊರಿಗೆ ಬಂದಾಗ ಘಟಕದ ಡಿಜಿಟಲ್ ಮೀಟರು ಬ್ಯಾಗಿನಲ್ಲೇ ಇತ್ತು. ತಮಾಷೆಗೆಂದು ಚಾಚಾ ಮೀಟರಿನ ಜೊತೆ ಪ್ಲಗ್ಗಿಗೆ ಹಚ್ಚಿದೆ. ನನ್ನದು ಇನ್ನೂರ ಮೂವತ್ತು, ಅವರದು ಇನ್ನೂರ ಇಪ್ಪತ್ನಾಲ್ಕು.

“ಚಾಚಾ, ನಿಮ್ದು ಆರು ವೋಲ್ಟು ಕಮ್ಮಿ ತೋರಿಸ್ತೈತೆ!” ಎಂದು ನಕ್ಕುಬಿಟ್ಟೆ. ಎದುರಿಗೇ ಗಿರಾಕಿಯೊಬ್ಬ ಇದ್ದ.

“ಅಂಗಾರೆ ನಮ್ದೂ ಅಂಗೇ ಅಲ್ವಾ ಸಾಬ್ರೇ?” ಎಂದ ಆತ, ತನ್ನ ಮೀಟರು ತಿರುಗಿಸಿ ಚೀಟಿ ನೋಡುತ್ತಾ.

ಚಾಚಾ ಎರಡೂ ಮೀಟರುಗಳನ್ನು ಬಗ್ಗಿ ನೋಡಿದರು. ನನ್ನನ್ನೇ ಕೇಳಿದರು, “ನಿನ್ ಮೀಟರ್ನ ಯಾರು ನೋಡ್ತಾರೆ ಬೇಟಿ?”

“ವರ್ಷಕ್ಕೊಂದ್ಸಲ ದೊಡ್ಡ ಲ್ಯಾಬಿಗೆ ಕಳಿಸ್ತೀವಿ.”

“ಅವರ್ದನ್ನ?”

“ಅವರಿಗಿಂತ ದೊಡ್ಡ ಲ್ಯಾಬಿನವರು.”

“ಅಚ್ಛಾ... ನಿನ್ ಮೇಲೆ ಯಾರೋ ಅವ್ರೆ. ನನ್ ಮೇಲೆ ಯಾರೂ ಇರ್ಲಿಲ್ಲ ಕಣಮ್ಮ.”

ಮೀಟರಿನೊಳಗಿನ ಅಯಸ್ಕಾಂತ ವಯಸ್ಸಾಗಿ ಸೊರಗಿತ್ತು, ಅಷ್ಟೇ. ಊರಿನ ಮೀಟರುಗಳೆಲ್ಲ ಒಂದಕ್ಕೊಂದು ತಾಳೆಯಾಗುತ್ತಿದ್ದವು, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ಮರುದಿನ ಚಾಚಾ ಶಟರ್ ಎಳೆದು ಮೊಪೆಡ್ ಹತ್ತಿದರು. ವಾರವೆಲ್ಲ ಊರೂರು ಅಲೆದು, ತಾವೇ ಅಂಟಿಸಿದ್ದ ಚೀಟಿ ಕಿತ್ತು, ‘ಆರು ವೋಲ್ಟು ಕಮ್ಮಿ ತೋರಿಸುತ್ತದೆ’ ಎಂದು ಬರೆದು ಅಂಟಿಸಿದರಂತೆ. “ಆರು ವೋಲ್ಟಿಗೆ ಮೋಟ್ರೇನ್ ಸುಟ್ಟೋಯ್ತದಾ, ಬುಡಿ ಸಾಬ್ರೇ” ಎಂದವರ ಮಾತನ್ನೂ ಕೇಳಲಿಲ್ಲವಂತೆ.

ಆಮೇಲೆ ಅವರ ಹತ್ತಿರ ಮಿಕ್ಸಿ ಬಂದವು, ಫ್ಯಾನು ಬಂದವು. ಮೀಟರು ಮಾತ್ರ ಯಾರೂ ತರಲಿಲ್ಲ. ತಪ್ಪಾಯಿತು ಎನ್ನಬೇಕಿತ್ತು ನಾನು. ಮೀಟರು ತಪ್ಪು ತೋರಿಸುತ್ತಿದ್ದುದು ನಿಜ, ಆದರೆ ಅದನ್ನು ಹೇಳಿದ ರೀತಿಗೆ ನನ್ನನ್ನು ನಾನೇ ಕ್ಷಮಿಸಲಾರೆ. ಮುಂದಿನ ಭಾನುವಾರ ಹೇಳಿದರಾಯಿತು, ಅದರ ಮುಂದಿನದು... ಅಷ್ಟರಲ್ಲಿ ಚಾಚಾ ತೀರಿಕೊಂಡರು. ಚಾಚಿ ಈ ಪೆಟ್ಟಿಗೆ ತಂದುಕೊಟ್ಟು, “ಬೇಟಿಗೇ ಕೊಡು ಅಂದಿದ್ರು” ಎಂದರು. ತೆಗೆಯುವ ಧೈರ್ಯವಾಗದೆ ಘಟಕದ ನನ್ನ ಕೆಲಸದ ಕೋಣೆಯ ಬೀರುವಿಗೆ ಸೇರಿಸಿದ್ದೆ.

ಈಗ ಈ ಕೋಣೆಯಲ್ಲಿ ಸ್ಕ್ರೂ ತಿರುಗಿಸುವ ಕೆಲಸವೂ ಇಲ್ಲ. ನಾನು ಒಂದು ಗುಂಡಿ ಒತ್ತುತ್ತೇನೆ. ಕಂಪ್ಯೂಟರೇ ವೋಲ್ಟೇಜು ಏರಿಸಿ ಇಳಿಸಿ, ಅಂಕಿ ಓದಿಕೊಂಡು, ಪ್ರಮಾಣಪತ್ರ ಅಚ್ಚು ಹಾಕುತ್ತದೆ. ಇಡೀ ದಿನ ಮಾತಾಡಲು ಒಂದು ನರಪಿಳ್ಳೆಯೂ ಇರುವುದಿಲ್ಲ.

ಪೆಟ್ಟಿಗೆಯಲ್ಲಿದ್ದುದು ಅದೇ ಮೀಟರು. ಹಸಿರು ಬಟ್ಟೆ ಬಿಚ್ಚಿ, ತಂತಿ ಸಿಕ್ಕಿಸಿ, ಇನ್ನೂರ ಮೂವತ್ತು ವೋಲ್ಟು ಕೊಟ್ಟೆ. ಮುಳ್ಳು ಸ್ವಲ್ಪ ನಡುಗಿ ಇನ್ನೂರ ಇಪ್ಪತ್ನಾಲ್ಕಕ್ಕೆ ನಿಂತಿತು. ಮಗುಚಿ ನೋಡಿದೆ. ಬೆನ್ನಿಗೆ ಅವರದೇ ಕೈಬರಹದ ಚೀಟಿ, ‘ಆರು ವೋಲ್ಟು ಕಮ್ಮಿ ತೋರಿಸುತ್ತದೆ’.

“ನಿಮ್ ಚೀಟಿ ಸರಿ ಇದೆ ಚಾಚಾ” ಎಂದೆ, ಜೋರಾಗಿಯೇ. ಕೋಣೆಯಲ್ಲಿ ಯಾರೂ ಇರಲಿಲ್ಲ.