ಒಂದೇಟು ಮತ್ತು ಹೊಂಡದ ಯಜಮಾನಿ

ಕಸಾಯಿಖಾನೆಯಲ್ಲಿ ಅವನಿಗಿದ್ದ ಹೆಸರು ಒಂದೇಟು. ಹೋರಿಯ ಎಡಗಣ್ಣಿನಿಂದ ಬಲಗೊಂಬಿಗೆ, ಬಲಗಣ್ಣಿನಿಂದ ಎಡಗೊಂಬಿಗೆ ಗೆರೆ ಎಳೆದರೆ ಎರಡೂ ಕೂಡುವ ಒಂದು ಜಾಗ ಹಣೆಯ ಮೇಲಿದೆ. ಅಲ್ಲಿ ಅವನ ಸುತ್ತಿಗೆ ಒಮ್ಮೆ ಇಳಿಯಿತೆಂದರೆ ನಾಲ್ಕು ಕಾಲೂ ಒಟ್ಟಿಗೆ ಮಡಚಿಕೊಳ್ಳುತ್ತಿದ್ದವು. ಎರಡನೆಯ ಏಟು ಬೇಕಾಯಿತೆಂದರೆ ಪ್ರಾಣಿಗೂ ನರಕ, ಹೊಡೆದವನಿಗೂ ನಾಚಿಕೆಗೇಡು ಎಂದು ಕಸುಬು ಕಲಿಸಿದ ಮುದುಕ ಹೇಳಿಕೊಟ್ಟಿದ್ದ. ತಡ ಮಾಡಬೇಡ, ಯೋಚಿಸಬೇಡ, ಕಣ್ಣು ಕಂಡ ಕೂಡಲೆ ಕೈ ಇಳಿಯಲಿ, ಅಷ್ಟೇ ಪಾಠ. ಪಾಠ ಚೆನ್ನಾಗಿಯೇ ತಲೆಗೆ ಹತ್ತಿತು. ಎಷ್ಟು ಚೆನ್ನಾಗಿ ಎಂದರೆ, ಸಂಜೆ ರಕ್ತದ ಏಪ್ರನ್ ಕಳಚಿ ಗೂಟಕ್ಕೆ ನೇತುಹಾಕಿ ಮನೆಗೆ ಹೊರಟರೂ ಕೈ ಮಾತ್ರ ಇನ್ನೂ ಕೆಲಸದಲ್ಲೇ ಇರುತ್ತಿತ್ತು.

ತಾಯಿಗೆ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿದಾಗ ಅವಳನ್ನು ಅಕ್ಕನ ಮನೆಗೆ ಸಾಗಿಸಬೇಕಾಯಿತು. ಅಕ್ಕ ಆಸ್ಪತ್ರೆಯಲ್ಲಿ ನರ್ಸು, ಭಾವ ಬಡಗಿ, ಮನೆ ಎರಡನೆಯ ಮಹಡಿಯಲ್ಲಿ. ಮಂಚದ ಸಮೇತ ಅಮ್ಮನನ್ನು ಮೆಟ್ಟಿಲು ಹತ್ತಿಸುವಾಗ ತಲೆಯ ಕಡೆ ಭಾವ, ಕಾಲ ಕಡೆ ಇವನು. ತಿರುವಿನಲ್ಲಿ ಮಂಚ ಗೋಡೆಗೆ ತಗುಲಿತು.

"ಮೆಲ್ಲಗೆ ಮಾರಾಯ, ಇದು ನಿನ್ನ ಹೋರಿ ಅಲ್ಲ," ಎಂದ ಭಾವ, ನಗುತ್ತ.

ಒಂದೇಟು ಮಂಚವನ್ನು ತಿರುವಿನಲ್ಲಿ ಜೋಪಾನವಾಗಿ ಇಳಿಸಿದ. ಅಮ್ಮನ ಹೊದಿಕೆ ಸರಿಮಾಡಿದ. ಆಮೇಲೆ ಸುತ್ತಿ ಬಂದು ಭಾವನ ದವಡೆಗೆ ಗುದ್ದಿದ. ಮೂಳೆ ಎರಡಾದ ಸದ್ದು ಮೇಲಿನ ಮನೆಯವರೆಗೂ ಕೇಳಿತು. ಎರಡು ಹಲ್ಲು ಅಮ್ಮನ ಹೊದಿಕೆಯ ಮೇಲೆ ಬಿದ್ದವು. ದವಡೆಗೆ ತಂತಿ ಬಿಗಿಸಿಕೊಂಡು ಭಾವ ತಿಂಗಳುಗಟ್ಟಲೆ ಕೊಳವೆಯಲ್ಲಿ ಹೀರಿ ಬದುಕಿದ. ತಂತಿ ಬಿಚ್ಚಿದ ಮೇಲೂ ಒಂದೇ ಕಡೆ ಅಗಿಯುವುದು ಅವನಿಗೆ ಕಾಯಂ ಆಯಿತು.

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ. ದವಡೆಯೇನೋ ಸೊಟ್ಟಗಾದರೂ ಕೂಡಿಕೊಂಡಿತು, ಅಕ್ಕನ ಮನೆ ಬಾಗಿಲು ತೆರೆಯಲಿಲ್ಲ. ಒಂದೇಟು ಹೋಗಿ ಹೊಸ್ತಿಲಾಚೆ ನಿಂತರೆ ಅವಳು ಕದ ಅರ್ಧ ತೆರೆದು ಅಡ್ಡ ನಿಲ್ಲುತ್ತಿದ್ದಳು. ಒಳಗೆ ಅಮ್ಮ ಕೆಮ್ಮುವುದು ಕೇಳುತ್ತಿತ್ತು. ಯಾರೇ ಅದು ಎಂದು ಅವಳು ವಿಚಾರಿಸುವುದೂ ಕೇಳುತ್ತಿತ್ತು.

"ನಿಮ್ಮ ಭಾವ ತಾವಾಗಿ ನಿನ್ನನ್ನ ಕರ್ಕೊಂಡು ಬಂದ ದಿನ ಒಳಗೆ ಬಾ," ಎಂದಳು ಅಕ್ಕ. "ಅಲ್ಲೀವರೆಗೆ ಈ ಹೊಸ್ತಿಲು ದಾಟಿದ್ರೆ ನಾನು ನಿನ್ನ ಅಕ್ಕ ಅಲ್ಲ ಕಣೋ."

ಅಮ್ಮನನ್ನು ಇನ್ನು ಆ ಮೆಟ್ಟಿಲಿಂದ ಇಳಿಸುವುದು ಒಂದೇ ಸಲ ಎಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಮೊದಲು ಅವಳ ಮಂಚದ ಪಕ್ಕ ಕೂರಬೇಕು, ಒಂದೇಟಿಗೆ ಉಳಿದಿದ್ದ ಆಸೆ ಅದೊಂದೇ. ತಪ್ಪಾಯಿತು ಎನ್ನುವ ನಾಲಿಗೆಯನ್ನು ದೇವರು ಅವನಿಗೆ ಕೊಟ್ಟಿರಲಿಲ್ಲ. ಹಾಗಾಗಿ ಭಾವ ಎಲ್ಲಿರುತ್ತಾನೋ ಅಲ್ಲಿಗೇ ಹೋಗಿ ನಿಂತ.

ಕೆಲಸವಿಲ್ಲದ ಹೊತ್ತೆಲ್ಲ ಭಾವ ಇರುತ್ತಿದ್ದದ್ದು ಕಲ್ಲುಗಣಿಯ ಹೊಂಡದಲ್ಲಿ. ಕಲ್ಲು ತೆಗೆದು ಕೈಬಿಟ್ಟ ಗುಂಡಿಯಲ್ಲಿ ನೀರು ನಿಂತು ತಳ ಕಾಣದ ಕೆರೆಯಾಗಿತ್ತು. ಯಾರೋ ಯಾವ ಕಾಲದಲ್ಲೋ ತಂದುಬಿಟ್ಟ ಬಾಸ್ ಮೀನು ಅಲ್ಲಿ ತಿಂದು ಬಲಿತಿದ್ದವು. ಮುಷ್ಟಿ ತೂರುವಷ್ಟು ಅಗಲ ಬಾಯಿ. ಈಜುವ ಬಾತುಮರಿಯನ್ನು ಕೆಳಗಿನಿಂದಲೇ ಗುಳುಂ ಮಾಡುವ ಜಾತಿ. ಉಳಿದವರು ಎರೆಹುಳ ಚುಚ್ಚಿ ಅಂಗೈಯುದ್ದದ ಮರಿಗಳನ್ನು ಎತ್ತುತ್ತಿದ್ದರು. ಭಾವ ತನ್ನ ಪುಟ್ಟ ದೋಣಿಯಲ್ಲಿ ಕೂತು, ತಾನೇ ಮರದಲ್ಲಿ ಕೆತ್ತಿದ ಹುಸಿಮೀನು ಕಟ್ಟುತ್ತಿದ್ದ. ಗೇಣಿಗಿಂತ ಉದ್ದ, ಮೂರು ತುಂಡು, ನಡುವೆ ಕೀಲು, ಹೊಟ್ಟೆಯಲ್ಲಿ ಸೀಸ, ಕೆಳಗೆ ಮೂರು ಮೊನೆಯ ಕೊಕ್ಕೆ ಎರಡು. ಎಳೆದರೆ ಸೊಂಟ ಬಳುಕಿಸುತ್ತ ಬರುತ್ತಿತ್ತು. ದೊಡ್ಡ ತುತ್ತು ಕಂಡರೆ ಮಾತ್ರ ದೊಡ್ಡ ಮೀನು ಮೈ ಅಲುಗಿಸುತ್ತದೆ ಎಂಬುದು ಅವನ ಲೆಕ್ಕ. ವಾರಗಟ್ಟಲೆ ಎಸೆದರೂ ಒಂದೂ ಕಚ್ಚದೆ ಇರುವುದುಂಟು. ಕಚ್ಚಿದ್ದನ್ನೂ ಅವನು ಕೊಲ್ಲುತ್ತಿರಲಿಲ್ಲ. ಕೆಳದುಟಿ ಹಿಡಿದೆತ್ತಿ, ಕೊಕ್ಕೆ ಬಿಡಿಸಿ, ಮತ್ತೆ ನೀರಿಗೆ ಬಿಡುವನು. ಆ ದೋಣಿಯ ಕಟ್ಟಳೆ ಅದು.

ಮೈದುನ ದಡದಲ್ಲಿ ಬಂದು ನಿಂತದ್ದನ್ನು ಕಂಡು ಭಾವ ದೋಣಿಯನ್ನು ದಡಕ್ಕೆ ತಂದ. ಆಮೇಲೆ ಗದ್ದದಿಂದ ಹುಟ್ಟು ತೋರಿಸಿದ. ಆ ವರ್ಷವಿಡೀ ಇವನು ಹುಟ್ಟು ಹಾಕಿದ, ಅವನು ಎಸೆದ. ಮುರಿದ ದವಡೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಮರುವರ್ಷ ಗಾಳದ ಕೋಲು ಒಂದೇಟಿನ ಕೈಗೆ ಬಂತು.

ಬಂದ ಮೇಲೆ ಗೊತ್ತಾಯಿತು, ಇದು ತನ್ನ ಕೈಗೆ ಹೇಳಿ ಮಾಡಿಸಿದ ಶಿಕ್ಷೆ ಎಂದು. ದೊಡ್ಡ ಬಾಸ್ ಕೆಲವೊಮ್ಮೆ ಮೊದಲು ಬೇಟೆಗೆ ಮೂತಿಯಿಂದ ಗುದ್ದಿ ಅದರ ಜೀವ ಹಣ್ಣು ಮಾಡುತ್ತದೆ, ನುಂಗುವುದು ಆಮೇಲೆ. ಗುದ್ದು ಬಿದ್ದಾಗ ಏನೂ ಆಗದವನಂತೆ ನಿಧಾನ ರೀಲು ಸುತ್ತುತ್ತಲೇ ಇರಬೇಕು. ದಾರ ಭಾರವಾದ ಮೇಲೆ ಮಾತ್ರ ಸೊಂಟದಿಂದ ತಿರುಗಿ ಕೋಲನ್ನು ಪಕ್ಕಕ್ಕೆ ಎಳೆಯಬೇಕು. ಇಷ್ಟನ್ನೂ ಭಾವ ಒಂದಲ್ಲ ಹತ್ತು ಸಲ ಹೇಳಿದ. ಒಂದೇಟು ಹೂಂಗುಟ್ಟಿದ. ಮೊದಲ ಗುದ್ದು ಬಿದ್ದ ಕ್ಷಣವೇ ಶಕ್ತಿಯೆಲ್ಲ ಬಿಟ್ಟು ಜಗ್ಗಿದ.

ಹುಸಿಮೀನು ನೀರಿನಿಂದ ಕವಣೆಕಲ್ಲಿನ ಹಾಗೆ ಹಾರಿ ಬಂದು ಅವನ ಕೆನ್ನೆಗೆ ಬಡಿಯಿತು. ಎರಡು ಮೊನೆ ಒಳಗಿಳಿದವು, ಒಂದು ಒಸಡನ್ನೇ ಗೀರಿತು. ಭಾವ ಹುಟ್ಟು ಎಳೆದುಕೊಂಡು, ಇವನ ತಲೆಯನ್ನು ತೊಡೆಗೆ ಒತ್ತಿ ಹಿಡಿದು, ಮೊನೆಯನ್ನು ಇನ್ನಷ್ಟು ಮುಂದಕ್ಕೆ ತೂರಿಸಿ ಚರ್ಮದಿಂದಾಚೆ ತಂದು, ಇಕ್ಕಳದಲ್ಲಿ ಮುಳ್ಳು ಕತ್ತರಿಸಿ, ಉಳಿದದ್ದನ್ನು ಹಿಂದಕ್ಕೆ ಎಳೆದ. ಎರಡನೆಯದಕ್ಕೂ ಹಾಗೆಯೇ. ಆತುರವಿರಲಿಲ್ಲ, ತುಸು ಸುಖವೂ ಇತ್ತೇನೋ. ಒಂದೇಟು ದೋಣಿಯಾಚೆ ಬಗ್ಗಿ ಬಾಯಿತುಂಬ ರಕ್ತ ಉಗುಳಿದ.

"ಇನ್ಮೇಲೆ ನೀನೂ ಒಂದೇ ಕಡೆ ಅಗೀತೀಯ," ಎಂದ ಭಾವ. ದವಡೆಯ ಬಗ್ಗೆ ಅವನ ಬಾಯಿಂದ ಬಂದ ಮೊದಲ ಮಾತು ಅದು. ಒಂದೇಟಿಗೆ ಉರಿಯಲ್ಲೂ ಹಿತವಾಯಿತು.

ಕಡಿದ ಬಂಡೆಯೊಂದು ನೆಟ್ಟಗೆ ನೀರಿಗಿಳಿಯುವ ಮೂಲೆಯಲ್ಲಿ ಒಂದು ಹೆಣ್ಣುಮೀನಿತ್ತು. ಮೇಲ್ದುಟಿ ಹರಿದದ್ದು. ಭಾವ ಅದನ್ನು ಮೂರು ಸಲ ಹಿಡಿದು ಮೂರು ಸಲವೂ ಬಿಟ್ಟಿದ್ದ. ಅದಕ್ಕೆ ಯಜಮಾನಿ ಎಂದು ಹೆಸರಿಟ್ಟಿದ್ದ. ಮನೆಯಲ್ಲಿ ಹೆಂಡತಿಯ ಬಗ್ಗೆ ಆಡುವುದಕ್ಕಿಂತ ಹೆಚ್ಚು ಮರ್ಯಾದೆಯಿಂದ ಅದರ ಮಾತಾಡುತ್ತಿದ್ದ.

ಚಳಿಯ ಒಂದು ಬೆಳಿಗ್ಗೆ ಆ ಬಂಡೆಯ ಪಕ್ಕದಲ್ಲೇ ಒಂದೇಟಿನ ಹುಸಿಮೀನಿಗೆ ಗುದ್ದು ಬಿತ್ತು. ಕೋಲು ಅಂಗೈಯಲ್ಲಿ ಅದುರಿತು. ಅವನು ಕೆಳದುಟಿ ಕಚ್ಚಿಕೊಂಡು ರೀಲು ಸುತ್ತುತ್ತಲೇ ಇದ್ದ. ತುಟಿಯಿಂದ ರಕ್ತ ಬಂತು. ಇನ್ನೊಂದು ಗುದ್ದು. ಸುತ್ತಿದ. ಆಮೇಲೆ ದಾರಕ್ಕೆ ಒದ್ದೆ ಮೂಟೆ ಕಟ್ಟಿದಂತಾಯಿತು, ಅವನು ಸೊಂಟ ತಿರುಗಿಸಿ ಎಳೆದ.

ನೀರು ಒಡೆಯಿತು. ಯಜಮಾನಿ ಅರ್ಧ ಮೈ ಮೇಲೆದ್ದು, ಕಿವಿರು ಅಗಲಿಸಿ, ತಲೆಯನ್ನು ಅತ್ತ ಇತ್ತ ಒಗೆದಾಡಿತು. ಕೊಕ್ಕೆಗಳು ಗಲಗಲ ಅಂದವು. ಮುಳುಗಿ ಬಂಡೆಯ ಬುಡಕ್ಕೆ ನುಗ್ಗಿತು. ದೋಣಿ ಹಿಂದೆಯೇ ಎಳೆಸಿಕೊಂಡು ಹೋಗಿ ಕಲ್ಲಿಗೆ ಉಜ್ಜಿತು. ರೀಲನ್ನು ಒತ್ತಿ ಹಿಡಿದ ಹೆಬ್ಬೆರಳಿನ ಚರ್ಮವನ್ನು ದಾರ ಸುಲಿದು ಹಾಕಿತು. ಭಾವ ಒಂದು ಕೈಯಿಂದ ಬಂಡೆಯನ್ನು ಒತ್ತಿ ದೂಡುತ್ತ, ಸಡಿಲ ಬಿಡಬೇಡ, ಸಡಿಲ ಬಿಡಬೇಡ ಎಂದು ಗೊಣಗುತ್ತಿದ್ದ. ಬಹಳ ಹೊತ್ತಿನ ಮೇಲೆ ಅದು ಪಕ್ಕಕ್ಕೆ ವಾಲಿ ಮೇಲೆ ಬಂದಾಗ ಭಾವ ಮಂಡಿಯೂರಿ, ಕೆಳದುಟಿ ಹಿಡಿದು, ದೋಣಿಯೊಳಗಿನ ಒದ್ದೆ ಗೋಣಿಯ ಮೇಲೆ ಮಲಗಿಸಿದ. ಮಗುವಿನಷ್ಟು ಭಾರ. ಅವನ ಸೊಟ್ಟ ದವಡೆ ನಗುವಿಗೆ ಇನ್ನಷ್ಟು ಸೊಟ್ಟಗಾಯಿತು. ಕೊಕ್ಕೆ ಬಿಡಿಸಲು ಇಕ್ಕಳಕ್ಕಾಗಿ ಆಚೆ ತಿರುಗಿದ.

ಒಂದೇಟಿನ ಕಣ್ಣಿಗೆ ಬಿದ್ದದ್ದು ಎರಡು ಕಣ್ಣಿನ ನಡುವಿನ ಜಾಗ. ಕಾಲ ಹತ್ತಿರ ಗೂಟ ಬಡಿಯುವ ಮರದ ಕೊಡತಿ ಇತ್ತು. ಕೈ ಅದನ್ನು ಎತ್ತಿತು, ಇಳಿಸಿತು.

ಎರಡನೆಯ ಏಟು ಬೇಕಾಗಲಿಲ್ಲ. ಯಜಮಾನಿಯ ಬಾಲ ಒಮ್ಮೆ ನಡುಗಿ ನಿಂತಿತು.

ಭಾವ ತಿರುಗಿ ನೋಡಿದ. ಇಕ್ಕಳ ಕೆಳಗಿಟ್ಟ. ಹುಟ್ಟನ್ನು ಎರಡು ಕೈಯಲ್ಲೂ ಎತ್ತಿ ಮೈದುನನ ಹೆಗಲಿಗೆ ಬಾರಿಸಿದ. ಆ ಮನುಷ್ಯ ಹುಟ್ಟಿದಂದಿನಿಂದ ಯಾರ ಮೇಲೂ ಕೈಯೆತ್ತಿದವನಲ್ಲ, ಹೊಡೆಯುವ ರೀತಿಯೂ ತಿಳಿಯದು. ಅದಕ್ಕೇ ಬೀಸಿದ ಕಡೆಯೆಲ್ಲ ಬಿತ್ತು. ಎರಡನೆಯದು ಹುಬ್ಬಿಗೆ ಬಿದ್ದು ಮೂಳೆ ಕಾಣುವಂತೆ ಸೀಳಿತು. ಒಂದೇಟಿನ ಮುಷ್ಟಿ ಬಿಗಿಯಿತು. ಎದುರಿಗೇ ಆ ದವಡೆ, ಹಳೆಯ ಮುರಿತ ಎಲ್ಲಿದೆ ಎಂದು ಇವನಷ್ಟು ಬಲ್ಲವರು ಯಾರು? ಅವನು ದೋಣಿಯ ಎರಡೂ ಅಂಚು ಹಿಡಿದುಕೊಂಡ. ಬೆನ್ನಿನ ಮೇಲೆ ಹುಟ್ಟು ಮುರಿದು ಎರಡಾಗುವವರೆಗೂ ಆ ಅಂಚು ಬಿಡಲಿಲ್ಲ.

ಭಾವ ಉಸಿರು ಸಿಗದೆ ಕುಸಿದು ಕೂತ.

"ಕೈ ಹೋಯ್ತು ಭಾವ," ಎಂದ ಒಂದೇಟು. "ಅವತ್ತೂ ಹಿಂಗೇ. ನನ್ನನ್ನ ಕೇಳ್ದೇನೇ ಹೋಯ್ತು."

ಭಾವ ಅರ್ಧ ಹುಟ್ಟಿನಲ್ಲಿ ದಡ ಮುಟ್ಟಿಸಿ, ಮೀನನ್ನು ಗೋಣಿಯಲ್ಲಿ ಸುತ್ತಿ, ದಡದ ಒಂದು ಬಂಡೆಯ ಪಕ್ಕ ಮಣ್ಣು ಕೆದಕಿ ಹೂತ. ಒಂದೇಟಿಗೆ ಕಣ್ಣಿನ ತುಂಬ ರಕ್ತ, ದಾರಿ ಕಾಣುತ್ತಿರಲಿಲ್ಲ. ಭಾವ ಅವನ ತೋಳು ಹಿಡಿದು ಬೀದಿ ದಾಟಿಸಿ ಮೆಟ್ಟಿಲು ಹತ್ತಿಸಿದ. ಕದ ತೆರೆದ ಅಕ್ಕ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

"ನಾನೇ ಹೊಡ್ದೆ," ಎಂದ ಭಾವ. "ಹೊಲಿ."

ಅವಳು ಪಕ್ಕಕ್ಕೆ ಸರಿದಳು. ಬೆಳಕು ಚೆನ್ನಾಗಿದ್ದದ್ದು ಅಮ್ಮನ ಕೋಣೆಯ ಕಿಟಕಿಯಲ್ಲಿ. ಅವಳ ಮಂಚದ ಪಕ್ಕ ಸ್ಟೂಲು ಹಾಕಿ ಅವನನ್ನು ಕೂರಿಸಿ, ಗಾಯ ತೊಳೆದು, ಸೂಜಿಗೆ ದಾರ ಪೋಣಿಸಿದಳು. ಅಮ್ಮ ಮಗನ ರಕ್ತದ ಮುಖವನ್ನು ಸವರಿ ನೋಡಿ, ಇದು ಯಾರ ಕೆಲಸ ಎಂದು ಕೇಳಿದಳು. ಭಾವ ಬಾಗಿಲಲ್ಲೇ ನಿಂತು ಒಪ್ಪಿಕೊಂಡ.

"ಮೆಟ್ಟಿಲ ಮೇಲೇ ಹೊಡೀಬೇಕಿತ್ತು ಅಳಿಯಂದಿರೇ," ಎಂದಳು ಅಮ್ಮ. "ಸುಮ್ನೆ ಎರಡು ವರ್ಷ ನನ್ನ ಮಗನ್ನ ಹೊರಗೆ ನಿಲ್ಲಿಸಿದ್ರಿ."

ಅಕ್ಕನಿಗೆ ನಗು ತಡೆಯಲಾಗದೆ ಸೂಜಿ ಒಂದು ಕ್ಷಣ ನಿಂತಿತು. ಭಾವ ನಗಲಿಲ್ಲ.

"ದಿನಾ ಬಾ," ಎಂದ ಅವನು. "ಅತ್ತೆ ಹತ್ರ ಎಷ್ಟು ಹೊತ್ತು ಬೇಕಾದ್ರೂ ಕೂತ್ಕೋ. ನನ್ನ ದೋಣಿ ಹತ್ರ ಮಾತ್ರ ಬರ್ಬೇಡ."

ಒಂದೇಟು ಆಗಲಿ ಎಂದು ತಲೆಯಾಡಿಸಿದ.

"ಅಲ್ಲಾಡ್ಬೇಡ್ವೋ," ಎಂದಳು ಅಕ್ಕ. "ಸೂಜಿ ಒಳಗಿದೆ."